7×14 ಮಿನಿ ಲೇತ್‌ಗೆ ಟೂಲ್ ಆಯ್ಕೆ: ಎಚ್‌ಎಸ್‌ಎಸ್ ಸಾಣೆ ಹಿಡಿಯೋದಾ, ಇನ್ಸರ್ಟ್ ತಗೊಳ್ಳೋದಾ?

ಹಿತ್ತಲ_ಲೇತ್

ಎಲ್ಲರಿಗೂ ನಮಸ್ಕಾರ. ಮಷಿನ್ 7×14 (ಇಂಚು) ಮಿನಿ ಲೇತ್, 550 ವ್ಯಾಟ್ ಮೋಟರ್, ವೇಗ 100ರಿಂದ 2500 ಆರ್‌ಪಿಎಂ. ನಾಲ್ಕು ಕಡೆ ಟೂಲ್ ಕೂರಿಸುವ ಮಾಮೂಲಿ ಟೂಲ್ ಪೋಸ್ಟ್ ಇದೆ. ಅದರ ತಳದಿಂದ ಸೆಂಟರ್‌ವರೆಗೆ, ಅಂದರೆ ಲೋಹ ತಿರುಗುವ ನಡುಗೆರೆವರೆಗೆ, ಡೆಪ್ತ್ ವರ್ನಿಯರ್‌ನಲ್ಲಿ ಅಳೆದರೆ 10.6 ಮಿ.ಮೀ. ಬರುತ್ತೆ.

ಮಾಡಬೇಕಾದ ಕೆಲಸ ಇಷ್ಟು: ಅಲ್ಯೂಮಿನಿಯಂ ಸ್ಪೇಸರ್, ಎಂಎಸ್ (ಮೈಲ್ಡ್ ಸ್ಟೀಲ್) ಪಿನ್ನು, ಬುಶ್, ಸ್ವಲ್ಪ ಹಿತ್ತಾಳೆ, ಮುಂದೆ ಒಂದು ಸಣ್ಣ ಸ್ಟೀಮ್ ಎಂಜಿನ್ ಮಾಡೆಲ್. ದೊಡ್ಡ ವ್ಯಾಸ ಅಂದರೆ 40 ಮಿ.ಮೀ., ಅದಕ್ಕಿಂತ ಮೇಲೆ ಹೋಗಲ್ಲ.

ಲೇತ್ ಜೊತೆ ಬಣ್ಣ ಬಳಿದ 11 ಬ್ರೇಜ್ಡ್ (ತುದಿಗೆ ಕಾರ್ಬೈಡ್ ಎಂಬ ಬಲು ಗಟ್ಟಿ ಚೂರು ಬೆಸೆದ) ಟೂಲ್‌ಗಳ ಸೆಟ್ ಬಂದಿದೆ. ಎಂಎಸ್ ಮೇಲೆ ಓಡಿಸಿದರೆ ಮೇಲ್ಮೈ ಹರಿದ ಹಾಗೆ ಬರುತ್ತೆ, ಲೇತ್ ನಡುಗುತ್ತೆ. ಒಬ್ಬರು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ತಗೊಂಡು ಸಾಣೆ ಹಿಡಿ ಅಂತಾರೆ, ಇನ್ನೊಬ್ಬರು ಇನ್ಸರ್ಟ್ (ಹೋಲ್ಡರ್‌ಗೆ ಸ್ಕ್ರೂ ಹಾಕಿ ಕೂರಿಸುವ ಕಾರ್ಬೈಡ್ ಚೂರು) ಬಿಟ್ಟು ಬೇರೆ ಮಾತೇ ಬೇಡ ಅಂತಾರೆ. ಇನ್ಸರ್ಟ್ ಅಂದರೆ ಯಾವುದು? ಸಿಸಿಎಂಟಿ, ಡಿಸಿಎಂಟಿ, ಸಿಎನ್‌ಎಂಜಿ ಅಂತ ಅಂಗಡಿಯಲ್ಲಿ ಹತ್ತು ಹೆಸರು ಹೇಳ್ತಾರೆ. ಮೊದಲು ಏನು ಕೊಳ್ಳಬೇಕು, ಯಾವುದು ದುಡ್ಡು ದಂಡ, ದಯವಿಟ್ಟು ಬಿಡಿಸಿ ಹೇಳಿ.

---

ಪೀಣ್ಯ_ಟರ್ನರ್

ಮೊದಲು ಲೇತ್‌ನ ತಾಕತ್ತು ಎಷ್ಟು ಅಂತ ಲೆಕ್ಕ ಹಾಕೋಣ, ಟೂಲ್ ಯಾವುದು ಅನ್ನೋದು ಅದರಿಂದ ತಾನಾಗಿ ಬರುತ್ತೆ. ಎಂಎಸ್ ಕತ್ತರಿಸಲು ಸಣ್ಣ ಫೀಡ್‌ನಲ್ಲಿ (ಫೀಡ್ ಅಂದರೆ ಒಂದು ಸುತ್ತಿಗೆ ಟೂಲ್ ಮುಂದೆ ಸಾಗುವ ದೂರ) ಪ್ರತಿ ಚದರ ಮಿ.ಮೀ. ಚಿಪ್‌ಗೆ, ಅಂದರೆ ಕತ್ತರಿಸಿ ಬರುವ ಸಿಪ್ಪೆಗೆ, ಸುಮಾರು 2500 ನ್ಯೂಟನ್ ಬಲ ಬೇಕು. ಕಾರ್ಬೈಡ್‌ಗೆ ಕನಿಷ್ಠ ಹಿತವಾದ ವೇಗ ನಿಮಿಷಕ್ಕೆ 100 ಮೀಟರ್ ಅಂತ ಇಟ್ಟುಕೊಳ್ಳಿ. ಕಟ್ 1 ಮಿ.ಮೀ., ಫೀಡ್ ಸುತ್ತಿಗೆ 0.1 ಮಿ.ಮೀ. ಆದರೆ 1 × 0.1 × 100 × 2500, ಅದನ್ನು 60,000ದಿಂದ ಭಾಗಿಸಿದರೆ 0.42 ಕಿಲೋವ್ಯಾಟ್. ನಿಮ್ಮ ಮೋಟರ್ 550 ವ್ಯಾಟ್, ಬೆಲ್ಟು ಗೇರು ಬೇರಿಂಗ್ ತಿಂದು ಉಳಿದದ್ದು ಹೆಚ್ಚು ಕಡಿಮೆ ಅಷ್ಟೇ. ಅಂದರೆ ಕಾರ್ಬೈಡ್‌ನಲ್ಲಿ ವ್ಯಾಸಾರ್ಧಕ್ಕೆ 1 ಮಿ.ಮೀ. ಕಟ್ ನಿಮ್ಮ ಲೇತ್‌ನ ಕೊನೆಯ ಮೆಟ್ಟಿಲು. 0.3ರಿಂದ 0.5ರೊಳಗೆ ಇದ್ದರೆ ಸುಖ. ಅದೇ ಎಚ್‌ಎಸ್‌ಎಸ್‌ನಲ್ಲಿ ವೇಗ 25–28 ಮೀಟರ್ ಇರೋದರಿಂದ ಅದೇ 1 ಮಿ.ಮೀ. ಕಟ್‌ಗೆ 0.12 ಕಿಲೋವ್ಯಾಟ್ ಸಾಕು. ಆದರೆ ಇಲ್ಲೊಂದು ಕೊಕ್ಕೆ ಇದೆ: ಇಂಥ ಎಲೆಕ್ಟ್ರಾನಿಕ್ ಕಂಟ್ರೋಲ್ ಮೋಟರ್‌ಗಳಲ್ಲಿ ಆರ್‌ಪಿಎಂ ಇಳಿಸಿದಷ್ಟೂ ಪವರ್ ಕೂಡ ಇಳಿಯುತ್ತೆ. ಲೋ ಗೇರ್ ಇದ್ದರೆ ಅದನ್ನೇ ಹಾಕಿ, ನಾಬ್ ತಿರುಗಿಸಿ ವೇಗ ಇಳಿಸಬೇಡಿ.

ಆರ್‌ಪಿಎಂ ಲೆಕ್ಕ: 318 × ವೇಗ ÷ ವ್ಯಾಸ. 20 ಮಿ.ಮೀ. ಎಂಎಸ್‌ಗೆ ಎಚ್‌ಎಸ್‌ಎಸ್ ಆದರೆ ಸುಮಾರು 400, ಕಾರ್ಬೈಡ್ ಆದರೆ 1600. 8 ಮಿ.ಮೀ. ಪಿನ್ನಿಗೆ ಕಾರ್ಬೈಡ್ ಕೇಳೋದು 4000, ನಿಮ್ಮ ಲೇತ್‌ನಲ್ಲಿ ಅದು ಇಲ್ಲವೇ ಇಲ್ಲ. ವೇಗ ಸಾಲದಿದ್ದರೆ ಕಬ್ಬಿಣ ಟೂಲ್ ಅಂಚಿಗೆ ಬೆಸೆದುಕೊಂಡು ಗಂಟು ಕಟ್ಟುತ್ತೆ. ಆ ಗಂಟು ಕಿತ್ತು ಬರುವಾಗ ಜಾಬ್‌ನ (ಕತ್ತರಿಸುತ್ತಿರುವ ಲೋಹದ ತುಂಡಿನ) ಮೇಲ್ಮೈಯನ್ನು ಹರಿಯುತ್ತೆ, ಅಂಚಿನ ಚೂರನ್ನೂ ಜೊತೆಗೆ ಒಯ್ಯುತ್ತೆ. ನಿಮಗೆ ‘ಹರಿದ ಹಾಗೆ’ ಕಾಣ್ತಿರೋದು ಬಹುಪಾಲು ಇದೇ. ಜೊತೆಗೆ ಆ ಬಣ್ಣದ ಸೆಟ್‌ನ ಟೂಲ್‌ಗಳು ಸಾಣೆ ಹಿಡಿಯದೆ ಬರುತ್ತವೆ. ಲೂಪ್ (ಭೂತಗನ್ನಡಿ) ಹಾಕಿ ಅಂಚು ನೋಡಿ, ಮೊಂಡು.

ಇನ್ನು ಇನ್ಸರ್ಟ್ ಹೆಸರು. ಸಿಸಿಎಂಟಿ 060204 ಅನ್ನೋದನ್ನೇ ಬಿಡಿಸ್ತೀನಿ. ಮೊದಲ ‘ಸಿ’ ಅಂದರೆ 80 ಡಿಗ್ರಿ ವಜ್ರಾಕೃತಿ. ಎರಡನೆಯ ‘ಸಿ’ ಅಂದರೆ ಅಂಚಿನ ಕೆಳಗೆ 7 ಡಿಗ್ರಿ ಕ್ಲಿಯರೆನ್ಸ್ (ಜಾಬ್‌ಗೆ ಉಜ್ಜದಂತೆ ಬಿಟ್ಟ ಓರೆ). ‘ಎಂ’ ಅಳತೆಯ ನಿಖರತೆ. ‘ಟಿ’ ಅಂದರೆ ನಡುವೆ ಸ್ಕ್ರೂ ತೂತು, ಒಂದೇ ಮುಖದಲ್ಲಿ ಚಿಪ್ ಬ್ರೇಕರ್ (ಚಿಪ್ ತುಂಡು ಮಾಡುವ ತೋಡು). 06 ಅಂಚಿನ ಉದ್ದ, 02 ಅಂದರೆ 2.38 ಮಿ.ಮೀ. ದಪ್ಪ, ಕೊನೆಯ 04 ಅಂದರೆ ಮೊನೆಯ ರೇಡಿಯಸ್ 0.4 ಮಿ.ಮೀ. ನೀವು ನೋಡಬೇಕಾದ್ದು ಮೂರೇ: ಎರಡನೆಯ ಅಕ್ಷರ, ಮೂರನೆಯ ಅಕ್ಷರ, ಕೊನೆಯ ಅಂಕಿ.

ಎರಡನೆಯ ಅಕ್ಷರ ‘ಎನ್’ ಇದ್ದರೆ, ಅಂದರೆ ಸಿಎನ್‌ಎಂಜಿ, ಡಬ್ಲ್ಯುಎನ್‌ಎಂಜಿ, ಅಂಗಡಿಯವರು ಬಿಟ್ಟಿ ಕೊಟ್ಟರೂ ಬೇಡ. ಅದರಲ್ಲಿ ಕ್ಲಿಯರೆನ್ಸ್ ಸೊನ್ನೆ, ಹಾಗಾಗಿ ಹೋಲ್ಡರ್‌ನಲ್ಲಿ ಮುಂದಕ್ಕೆ ಬಾಗಿ ಕೂರುತ್ತೆ. ಕತ್ತರಿಸೋದಕ್ಕಿಂತ ಜಾಬನ್ನು ತಳ್ಳೋದೇ ಜಾಸ್ತಿ. ಒಂದೆರಡು ಟನ್ ತೂಕದ ಲೇತ್‌ಗೆ ಅದು ಸರಿ, ಟೇಬಲ್ ಮೇಲೆ ಕೂರುವ ಮಷಿನ್‌ಗೆ ಅಲ್ಲ.

ಮೂರನೆಯ ಅಕ್ಷರ ‘ಎಂ’ ಬದಲು ‘ಜಿ’ ಇದ್ದರೆ, ಅಂದರೆ ಸಿಸಿಜಿಟಿ, ಅಂಚನ್ನು ಗ್ರೈಂಡ್ ಮಾಡಿರ್ತಾರೆ. ಕೋಟಿಂಗ್ ಇಲ್ಲದ, ಕನ್ನಡಿ ಹಾಗೆ ಹೊಳೆಯುವ, ಅಲ್ಯೂಮಿನಿಯಂಗೆ ಅಂತ ಮಾರುವ ಸಿಸಿಜಿಟಿಯ ಅಂಚು ನಿಜಕ್ಕೂ ಹರಿತ. ಸಿಸಿಎಂಟಿಯಲ್ಲಿ ಅಚ್ಚು ಒತ್ತಿ ಬೇಯಿಸಿದ ಮೇಲೆ ಅಂಚನ್ನು ಬೇಕೆಂದೇ ಸ್ವಲ್ಪ ಗುಂಡಗೆ ಮಾಡಿ ಕೋಟಿಂಗ್ ಹಾಕ್ತಾರೆ, ಮುಕ್ಕಾಗಬಾರದು ಅಂತ. ಆ ಗುಂಡಂಚು ಕಚ್ಚಿಕೊಳ್ಳಬೇಕಾದರೆ ಒತ್ತಡ ಬೇಕು, ನಿಮ್ಮ ಲೇತ್‌ನಲ್ಲಿ ಆ ಒತ್ತಡ ಕೊಟ್ಟರೆ ಸ್ಲೈಡ್ (ಟೂಲ್ ಹೊತ್ತ ಜಾರುಭಾಗ) ಬಾಗುತ್ತೆ. 0.05 ಮಿ.ಮೀ. ತೆಗೆಯಲು ಹೊರಟರೆ ಉಜ್ಜುತ್ತೆ, ಮುಂದಿನ ಪಾಸ್‌ನಲ್ಲಿ ಒಮ್ಮೆಲೇ 0.15 ತೆಗೆಯುತ್ತೆ. ಹಾಗಾಗಿ ಎಂಎಸ್‌ಗೂ ಫಿನಿಶಿಂಗ್ ಕಟ್‌ಗೆ ಸಿಸಿಜಿಟಿ ಹಾಕಿ. ಬೇಗ ಸವೆಯುತ್ತೆ ನಿಜ, ಆದರೆ ಸೈಜ್ ಸಿಗುತ್ತೆ.

ಕೊನೆಯ ಅಂಕಿ 02 ಅಥವಾ 04 ಇರಲಿ. 08 ಬೇಡ. ಕಟ್‌ನ ಆಳ ಮೊನೆಯ ರೇಡಿಯಸ್‌ನ ಮೂರರಲ್ಲಿ ಎರಡು ಪಾಲಾದರೂ ಇರಬೇಕು, ಇಲ್ಲದಿದ್ದರೆ ಬಲವೆಲ್ಲ ಜಾಬನ್ನು ಆಚೆ ತಳ್ಳೋದಕ್ಕೇ ಹೋಗಿ ಚ್ಯಾಟರ್ (ನಡುಕ) ಬರುತ್ತೆ. ಫಿನಿಶ್‌ನ ಲೆಕ್ಕ ಬೇಕಾದರೆ ಫೀಡ್‌ನ ವರ್ಗವನ್ನು ರೇಡಿಯಸ್‌ನ ಎಂಟು ಪಟ್ಟಿನಿಂದ ಭಾಗಿಸಿ. ಫೀಡ್ 0.1, ರೇಡಿಯಸ್ 0.4 ಆದರೆ ಗೀರಿನ ಎತ್ತರ 3 ಮೈಕ್ರಾನ್. ಫೀಡ್ 0.05 ಮಾಡಿದರೆ 0.2 ರೇಡಿಯಸ್‌ನಲ್ಲೂ 1.6 ಮೈಕ್ರಾನ್‌ಗೆ ಇಳಿಯುತ್ತೆ. ದೊಡ್ಡ ರೇಡಿಯಸ್ ಇದ್ದರೇ ನುಣುಪು ಅನ್ನೋದು ದೊಡ್ಡ ಮಷಿನ್‌ನ ಮಾತು.

ಹೋಲ್ಡರ್ ಎಸ್‌ಸಿಎಲ್‌ಸಿಆರ್ 1010, 06 ಇನ್ಸರ್ಟ್‌ಗೆ. 10 × 10 ಶ್ಯಾಂಕ್‌ನ ಹೋಲ್ಡರ್‌ನಲ್ಲಿ ಮೊನೆಯ ಎತ್ತರವೂ 10 ಮಿ.ಮೀ. ನಿಮಗೆ ಬೇಕಾದ್ದು 10.6. ಕೆಳಗೆ 0.6 ಪ್ಯಾಕಿಂಗ್ ಹಾಕಿದರೆ ಮುಗೀತು. ಕೈ ಹ್ಯಾಕ್ಸಾ ಬ್ಲೇಡ್ ಹೆಚ್ಚು ಕಡಿಮೆ ಅದೇ ದಪ್ಪ ಇರುತ್ತೆ, ಹಲ್ಲು ಉಜ್ಜಿ ತೆಗೆದು ಎರಡು ತುಂಡು ಮಾಡಿಕೊಳ್ಳಿ. 12 ಮಿ.ಮೀ. ಶ್ಯಾಂಕ್ ಕೊಂಡರೆ ಮೊನೆ ಸೆಂಟರ್‌ಗಿಂತ ಮೇಲೆ ಹೋಗುತ್ತೆ, ಇಳಿಸೋಕೆ ದಾರಿ ಇಲ್ಲ. 8 ಮಿ.ಮೀ. ಆದರೂ ನಡೆಯುತ್ತೆ, 2.6 ಪ್ಯಾಕಿಂಗ್ ಬೇಕಾಗುತ್ತೆ ಅಷ್ಟೆ.

---

ಸಾಣೆಕಲ್ಲು

ಮೇಲಿನ ಲೆಕ್ಕವೆಲ್ಲ ಸರಿ. ಆದರೆ ಅದೇ ಲೆಕ್ಕ ಎಚ್‌ಎಸ್‌ಎಸ್ ಪರ ವಾದ ಮಾಡ್ತಿದೆ ಅನ್ನೋದನ್ನು ಪೀಣ್ಯ ಸರ್ ಸದ್ದಿಲ್ಲದೆ ದಾಟಿಬಿಟ್ಟರು! ಈ ಲೇತ್‌ನಲ್ಲಿ ಆಗುವ ಕೆಲಸದಲ್ಲಿ ಮುಕ್ಕಾಲು ಪಾಲು 25 ಮಿ.ಮೀ. ಒಳಗಿನ ವ್ಯಾಸ, 1000 ಆರ್‌ಪಿಎಂ ಒಳಗಿನ ವೇಗ. ಅದು ಎಚ್‌ಎಸ್‌ಎಸ್‌ನ ಜಾಗ.

ಬಿಟ್ 10 ಮಿ.ಮೀ. ಚೌಕ ಅಥವಾ 3/8 ಇಂಚು ಕೊಳ್ಳಿ. 3/8 ಅಂದರೆ 9.5, ಹಾಗಾಗಿ 1.1 ಪ್ಯಾಕಿಂಗ್. ಮಾಮೂಲಿ ಎಂ2 ಕೂಡ ಸಾಕು, 5 ಶೇಕಡಾ ಕೋಬಾಲ್ಟ್ ಇರುವ ಎಂ35 ಸ್ವಲ್ಪ ಹೆಚ್ಚು ಬಾಳುತ್ತೆ. 10 ಶೇಕಡಾ ಕೋಬಾಲ್ಟ್ ಇನ್ನೂ ಗಟ್ಟಿ, ಆದರೆ ಕಲಿಯುವವರ ಕೈಯಲ್ಲಿ ಸಾಣೆಗೆ ಬೇಗ ಬಗ್ಗಲ್ಲ, ಬಡಿತಕ್ಕೆ ಬೇಗ ಮುಕ್ಕಾಗುತ್ತೆ. ಮಿರಾಂಡಾ, ಆಡಿಸನ್ ಎರಡೂ ನಮ್ಮ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತವೆ. ಹೆಸರಿಲ್ಲದ ಅಗ್ಗದ ಬಿಟ್ ಮಾತ್ರ ಬೇಡ, ಶಾಖಕ್ಕೆ ಮೆತ್ತಗಾಗುವ ಉಕ್ಕಿಗೂ ಎಚ್‌ಎಸ್‌ಎಸ್ ಅಂತ ಅಚ್ಚು ಒತ್ತಿರ್ತಾರೆ.

ಗ್ರೈಂಡರ್ 150 ಮಿ.ಮೀ. ಬೆಂಚ್ ಗ್ರೈಂಡರ್ ಸಾಕು. ಜೊತೆಗೆ ಬರುವ ಬೂದು ಕಲ್ಲಲ್ಲೇ ಕೆಲಸ ಆಗುತ್ತೆ, ಬಿಳಿ ಅಲ್ಯೂಮಿನಿಯಂ ಆಕ್ಸೈಡ್ 60 ಗ್ರಿಟ್ ಇದ್ದರೆ ತಂಪಾಗಿ ಕಡಿಯುತ್ತೆ. ಹಸಿರು ಕಲ್ಲು ಕಾರ್ಬೈಡ್‌ಗೆ ಮಾತ್ರ. ಕೂರಿಸುವ ಮುಂಚೆ ಕಲ್ಲನ್ನು ತೂತಿನಲ್ಲಿ ಬೆರಳಿಟ್ಟು ನೇತುಹಾಕಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಂಟೆ ಹಾಗೆ ಠಣ್ ಅನ್ನಬೇಕು. ಬೋಳು ಸದ್ದು ಬಂದರೆ ಬಿರುಕಿದೆ, ಹಾಕಬೇಡಿ. ಟೂಲ್ ರೆಸ್ಟ್ ಮತ್ತು ಕಲ್ಲಿನ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು. ಕನ್ನಡಕ ಬೇಕೇ ಬೇಕು, ಕೈಗವಸು ಬೇಡವೇ ಬೇಡ. ಅಲ್ಯೂಮಿನಿಯಂ ಅನ್ನು ಈ ಕಲ್ಲಿಗೆ ತಾಗಿಸಲೂಬೇಡಿ, ಕಲ್ಲಿನ ರಂಧ್ರ ತುಂಬಿಕೊಳ್ಳುತ್ತೆ.

10 ಡಿಗ್ರಿಗೆ ಒಂದು ಮರದ ಆಪು ಮಾಡಿಕೊಂಡರೆ ಕೋನದ ತಲೆನೋವು ಹೋಗುತ್ತೆ: 60 ಮಿ.ಮೀ. ಉದ್ದಕ್ಕೆ 10.5 ಮಿ.ಮೀ. ಎತ್ತರ. ಗ್ರೈಂಡರ್ ಆಫ್ ಇರುವಾಗ ಟೂಲ್ ರೆಸ್ಟನ್ನು ಇದಕ್ಕೆ ಹೊಂದಿಸಿ ಬಿಗಿ ಮಾಡಿ.

ಎಂಎಸ್‌ಗೆ ಬಲಗೈ ಟರ್ನಿಂಗ್ ಟೂಲ್ ಹೀಗೆ. ಮೊದಲು ಚಕ್ (ಜಾಬ್ ಹಿಡಿದು ತಿರುಗಿಸುವ ಭಾಗ) ಕಡೆಗಿರುವ ಎಡಪಕ್ಕ: ರೆಸ್ಟ್ ಓರೆ ಇರೋದರಿಂದ ಅಂಚಿನ ಕೆಳಗೆ 10 ಡಿಗ್ರಿ ಕ್ಲಿಯರೆನ್ಸ್ ತಾನೇ ಬೀಳುತ್ತೆ. ಬಿಟ್‌ನ ಅಗಲದ ಮೂರನೇ ಒಂದು ಪಾಲು ತೆಗೆದರೆ ಸಾಕು. ಆಮೇಲೆ ಮುಂದಿನ ಮುಖ: ಮೊನೆಯಿಂದ ಬಲಕ್ಕೆ ಹೋಗ್ತಾ 10–15 ಡಿಗ್ರಿ ಹಿಂದಕ್ಕೆ ಸರಿಯುವ ಹಾಗೆ, ಕೆಳಗೆ ಅದೇ 10 ಡಿಗ್ರಿ. ಕೊನೆಗೆ ಮೇಲ್ಮುಖ: ಎಡ ಅಂಚಿನಿಂದ ಬಲಕ್ಕೆ ಇಳಿಜಾರು, 12ರಿಂದ 15 ಡಿಗ್ರಿ ಸೈಡ್ ರೇಕ್. ಇಲ್ಲಿ ತಪ್ಪಾಗೋದು ಒಂದೇ, ಮೇಲ್ಮುಖ ಉಜ್ಜುತ್ತಾ ಮೊನೆಯನ್ನೇ ತಗ್ಗಿಸಿಬಿಡೋದು. ಇಳಿಜಾರು ಎಡ ಅಂಚನ್ನು ಮುಟ್ಟಿದ ಕೂಡಲೇ ನಿಲ್ಲಿಸಿ. ಆಮೇಲೆ ಎಣ್ಣೆ ಹಾಕಿದ ಸಣ್ಣ ಸಾಣೆಕಲ್ಲಿನಲ್ಲಿ ಮೂರೂ ಮುಖ ನಯ ಮಾಡಿ, ಮೊನೆಗೆ 0.3–0.5 ರೇಡಿಯಸ್ ಕೊಡಿ. ಕಲ್ಲನ್ನು ಕ್ಲಿಯರೆನ್ಸ್ ಓರೆಯಲ್ಲೇ ಹಿಡಿಯಬೇಕು. ನೆಟ್ಟಗೆ ಹಿಡಿದರೆ ಮೊನೆಯ ಕೆಳಗೆ ಕ್ಲಿಯರೆನ್ಸ್ ಹೋಗಿ ಉಜ್ಜುವ ಟೂಲ್ ಆಗುತ್ತೆ. ಉಗುರಿನ ಮೇಲೆ ಅಂಚನ್ನು ಮೆಲ್ಲಗೆ ಇಟ್ಟು ನೋಡಿ, ಜಾರದೆ ಕಚ್ಚಿಕೊಂಡರೆ ಹರಿತ ಬಂದಿದೆ.

ಕೈಗೆ ಬಿಸಿ ತಾಗುವ ಮುಂಚೆಯೇ ನೀರಿಗೆ ಅದ್ದುತ್ತಾ ಇರಿ. ಎಚ್‌ಎಸ್‌ಎಸ್ ನೀಲಿ ತಿರುಗಿದ ಮಾತ್ರಕ್ಕೆ ಕೆಡಲ್ಲ, 550 ಡಿಗ್ರಿ ಸೆಲ್ಸಿಯಸ್‌ವರೆಗೂ ಗಡಸು ಉಳಿಯುತ್ತೆ. ಆದರೆ ಕೆಂಪಗೆ ಕಾದದ್ದನ್ನು ದಿಢೀರನೆ ನೀರಿಗೆ ಹಾಕಿದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತೆ, ಮೊನೆ ಕಾರಣವಿಲ್ಲದೆ ಉದುರಿದಂತೆ ಅನ್ನಿಸೋದು ಆಗಲೇ.

ಹಿತ್ತಾಳೆಗೆ ಬೇರೆ ಬಿಟ್ ಇಡಿ, ಮೇಲ್ಮುಖ ಚಪ್ಪಟೆ, ರೇಕ್ ಸೊನ್ನೆ. ರೇಕ್ ಇದ್ದರೆ ಹಿತ್ತಾಳೆ ಟೂಲನ್ನು ಒಳಕ್ಕೆ ಎಳೆದುಕೊಳ್ಳುತ್ತೆ. ಅಲ್ಯೂಮಿನಿಯಂಗೆ ಉಲ್ಟಾ, ಸೈಡ್ ರೇಕ್ 15–20, ಮೇಲ್ಮುಖ ಕನ್ನಡಿಯಾಗಬೇಕು, ಬ್ರಶ್‌ನಲ್ಲಿ ಸೀಮೆಎಣ್ಣೆ. ವೇಗ ಅಲ್ಯೂಮಿನಿಯಂಗೆ 60–100, ಹಿತ್ತಾಳೆಗೆ 50–70 ಮೀಟರ್, ಹಿತ್ತಾಳೆಗೆ ಎಣ್ಣೆ ಬೇಡ.

---

ಹಿತ್ತಲ_ಲೇತ್

ಇಬ್ಬರಿಗೂ ಧನ್ಯವಾದ ಸರ್. ಮೂರು ಅನುಮಾನ. ಒಂದು, ಮನೆ ಅಪಾರ್ಟ್‌ಮೆಂಟ್‌ನಲ್ಲಿ, ಬೆಂಚ್ ಗ್ರೈಂಡರ್ ಸದ್ದು, ಕಿಡಿ ಕಷ್ಟ. ಎರಡು, ಸೆಂಟರ್ ಹೈಟ್ ಸರಿಯಾಗಿದೆ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ? ವರ್ನಿಯರ್ ಅಳತೆ ಮೇಲೆ ನಂಬಿಕೆ ಇಲ್ಲ. ಮೂರು, ಪಾರ್ಟಿಂಗ್ (ಜಾಬನ್ನು ಕತ್ತರಿಸಿ ಬೇರ್ಪಡಿಸೋದು). 2 ಮಿ.ಮೀ. ಬ್ಲೇಡ್ ಹಾಕಿದರೆ ಕಿರ್ ಅಂತ ಕೂಗುತ್ತೆ, 20 ಮಿ.ಮೀ. ಎಂಎಸ್‌ನಲ್ಲಿ ಅರ್ಧ ಹೋಗುವಷ್ಟರಲ್ಲಿ ಕಚ್ಚಿಕೊಂಡು ಚಕ್ ನಿಂತೇಬಿಡುತ್ತೆ.

---

ಸಾಣೆಕಲ್ಲು

ಗ್ರೈಂಡರ್ ಆಗದಿದ್ದರೆ ಟ್ಯಾಂಜೆನ್ಶಿಯಲ್ ಟೂಲ್ ಹೋಲ್ಡರ್ ನೋಡಿ. 6 ಮಿ.ಮೀ. ಚೌಕದ ಎಚ್‌ಎಸ್‌ಎಸ್ ಬಿಟ್ ಅದರಲ್ಲಿ ಮಲಗಿರಲ್ಲ, ಸುಮಾರು 12 ಡಿಗ್ರಿ ವಾಲಿಕೊಂಡು ನಿಂತಿರುತ್ತೆ. ಆ ವಾಲಿನಿಂದಲೇ ಎರಡೂ ಕಡೆ ಕ್ಲಿಯರೆನ್ಸ್ ಬರುತ್ತೆ, ಸಾಣೆ ಹಿಡಿಯಬೇಕಾದ್ದು ತುದಿಯ ಒಂದೇ ಮುಖ. ಅದನ್ನು ಸಣ್ಣ ಬೆಲ್ಟ್ ಸ್ಯಾಂಡರ್‌ನಲ್ಲೋ ಡೈಮಂಡ್ ಪ್ಲೇಟ್‌ನಲ್ಲೋ ಮಾಡಬಹುದು. ಒಂದೇ ಬಿಟ್‌ನಲ್ಲಿ ಟರ್ನಿಂಗ್, ಫೇಸಿಂಗ್ (ತುದಿಯ ಮುಖ ಸಮ ಮಾಡೋದು) ಎರಡೂ ಆಗುತ್ತೆ. ಬಿಟ್ಟನ್ನು ಮೇಲೆ ಕೆಳಗೆ ಸರಿಸಿ ಸೆಂಟರ್ ಹೈಟ್ ಕೂರಿಸಬಹುದಾದ್ದರಿಂದ ಪ್ಯಾಕಿಂಗ್ ಕೂಡ ಬೇಡ.

ಸೆಂಟರ್ ಹೈಟ್‌ಗೆ ಸ್ಟೀಲ್ ಸ್ಕೇಲ್ ಸಾಕು. ಚಕ್‌ನಲ್ಲಿ ಒಂದು ಗುಂಡು ರಾಡ್ ಹಿಡಿದು, ಲೇತ್ ನಿಂತಿರುವಾಗ, ರಾಡ್ ಮತ್ತು ಟೂಲ್ ಮೊನೆಯ ನಡುವೆ 150 ಮಿ.ಮೀ. ಸ್ಕೇಲನ್ನು ನೆಟ್ಟಗೆ ಮೆಲ್ಲಗೆ ಒತ್ತಿ ಹಿಡಿಸಿ. ಸ್ಕೇಲ್ ನೆಟ್ಟಗೆ ನಿಂತರೆ ಸರಿ. ಮೇಲಿನ ತುದಿ ನಿಮ್ಮ ಕಡೆ ವಾಲಿದರೆ ಟೂಲ್ ತಗ್ಗಿದೆ, ಆಚೆ ವಾಲಿದರೆ ಎತ್ತರ ಇದೆ. ಇದರ ಮೇಲೆ ಒಂದು ಫೇಸಿಂಗ್ ಕಟ್ ಹೊಡೆದು ನಡುವೆ ಉಳಿಯುವ ಮೊಟ್ಟೆ ನೋಡಿ. ಟೂಲ್ ತಗ್ಗಿದ್ದರೆ ಸಣ್ಣ ಕಂಬ ಉಳಿಯುತ್ತೆ, ಅದರ ವ್ಯಾಸದ ಅರ್ಧದಷ್ಟು ಟೂಲ್ ಏರಿಸಬೇಕು. 0.4 ಮಿ.ಮೀ. ಮೊಟ್ಟೆ ಅಂದರೆ 0.2 ಪ್ಯಾಕಿಂಗ್. ಕೂಲ್ ಡ್ರಿಂಕ್ ಕ್ಯಾನ್‌ನ ತಗಡು 0.1 ಇರುತ್ತೆ, ಎರಡು ಪದರ ಹಾಕಿ. ಮೊಟ್ಟೆ ಕೋನ್ ಹಾಗೆ ಉಜ್ಜಿಸಿಕೊಂಡು ಹೊಳೆಯುತ್ತಿದ್ದರೆ ಟೂಲ್ ಮೇಲಿದೆ.

---

ಮೈಕ್ರಾನ್_ಮಾವ

ಪಾರ್ಟಿಂಗ್ ಬಗ್ಗೆ ನಾನು ಹೇಳ್ತೀನಿ. ಬ್ಲೇಡ್ ಬದಲಾಯಿಸೋ ಮುಂಚೆ ಲೇತ್ ನೋಡಿ. ಕಚ್ಚಿಕೊಳ್ಳೋದಕ್ಕೆ ಕಾರಣ ಹೆಚ್ಚಾಗಿ ಇದು: ಕತ್ತರಿಸುವ ಬಲ ಟೂಲನ್ನು ಕೆಳಕ್ಕೆ ಒತ್ತುತ್ತೆ, ಸಡಿಲ ಇರುವ ಟಾಪ್ ಸ್ಲೈಡ್ ಮುಂದಕ್ಕೆ ಮುಗ್ಗರಿಸುತ್ತೆ, ಮೊನೆ ಜಾಬ್‌ನ ಕೆಳಗೆ ಸರಿಯುತ್ತೆ, ಜಾಬ್ ಟೂಲ್ ಮೇಲೆ ಹತ್ತುತ್ತೆ. ಕ್ರಾಸ್ ಸ್ಲೈಡ್, ಟಾಪ್ ಸ್ಲೈಡ್ ಎರಡರ ಗಿಬ್ ಸ್ಕ್ರೂ (ಸ್ಲೈಡ್‌ನ ಸಡಿಲ ತೆಗೆಯುವ ಸ್ಕ್ರೂ) ಬಿಗಿ ಮಾಡಿ. ಟಾಪ್ ಸ್ಲೈಡನ್ನು ಪೂರ್ತಿ ಹಿಂದಕ್ಕೆ ಸರಿಸಿ, ಅದರ ತಳ ಪೂರ್ತಿ ಆಸರೆಯ ಮೇಲೆ ಕೂರುವ ಹಾಗೆ. ಪಾರ್ಟಿಂಗ್ ಮಾಡುವಾಗ ಕ್ಯಾರೇಜ್ (ಸ್ಲೈಡ್‌ಗಳನ್ನು ಹೊತ್ತು ಬೆಡ್ ಮೇಲೆ ಓಡುವ ಭಾಗ) ಲಾಕ್ ಮಾಡಿ. ನಿಮ್ಮ ಲೇತ್‌ನಲ್ಲಿ ಲಾಕ್ ಸ್ಕ್ರೂ ಇಲ್ಲದಿದ್ದರೆ ಹಾಕಿಸಿಕೊಳ್ಳಿ, ಇದು ಇಲ್ಲದೆ ಪಾರ್ಟಿಂಗ್ ಜೂಜಾಟವೇ.

ಬ್ಲೇಡ್ ಹೊರಗೆ ಚಾಚಿರೋದು ಜಾಬ್‌ನ ಅರ್ಧ ವ್ಯಾಸಕ್ಕಿಂತ 2 ಮಿ.ಮೀ. ಹೆಚ್ಚು, ಅಷ್ಟೇ. 20 ಮಿ.ಮೀ.ಗೆ 12. ಬ್ಲೇಡ್ ಚಕ್ ಮುಖಕ್ಕೆ ಸಮಾನಾಂತರ ಇದೆಯೇ ನೋಡಿ. ಓರೆ ಇದ್ದರೆ ಸಂದಿನ ಗೋಡೆಗೆ ಉಜ್ಜಿಕೊಂಡು ಬಾಗುತ್ತೆ, ಕತ್ತರಿಸಿದ ಮುಖ ತಟ್ಟೆಯಂತೆ ಗುಳಿ ಬೀಳುತ್ತೆ. ಕಟ್ ಚಕ್‌ನ ದವಡೆಗೆ (ಜಾ) ಆದಷ್ಟು ಹತ್ತಿರ ಇರಲಿ. ಎರಡು ಸೆಂಟರ್ (ಎರಡೂ ತುದಿಗೆ ಕೊಡುವ ಚೂಪು ಆಸರೆ) ನಡುವೆ ಹಿಡಿದ ಜಾಬನ್ನು ಎಂದೂ ಪಾರ್ಟ್ ಮಾಡಬೇಡಿ, ಕೊನೆಯಲ್ಲಿ ಮಡಚಿಕೊಂಡು ಬ್ಲೇಡನ್ನು ಹಿಡಿದುಬಿಡುತ್ತೆ.

ವೇಗ ಟರ್ನಿಂಗ್‌ನ ಅರ್ಧ. 20 ಮಿ.ಮೀ. ಎಂಎಸ್, ಎಚ್‌ಎಸ್‌ಎಸ್ ಬ್ಲೇಡ್ ಆದರೆ 200 ಆರ್‌ಪಿಎಂ ಆಸುಪಾಸು. ಫೀಡ್ ಸುತ್ತಿಗೆ 0.03–0.05, ನಿಲ್ಲಿಸದೆ. ಕಿರ್ ಅಂದ ತಕ್ಷಣ ಎಲ್ಲರೂ ಕೈ ಹಿಂದೆಗೆಯುತ್ತಾರೆ. ಅದೇ ತಪ್ಪು, ಆಗ ಬ್ಲೇಡ್ ಉಜ್ಜುತ್ತಾ ಕೂರುತ್ತೆ, ಕೂಗು ಇನ್ನೂ ಹೆಚ್ಚುತ್ತೆ. ವೇಗ ಇಳಿಸಿ, ಫೀಡ್ ಸ್ವಲ್ಪ ಒತ್ತಿ. ಸೊಲ್ಯುಬಲ್ ಆಯಿಲ್ ಒಂದಕ್ಕೆ ಇಪ್ಪತ್ತು ನೀರು ಬೆರೆಸಿ ಬ್ರಶ್‌ನಲ್ಲಿ ಬಿಡ್ತಾ ಇರಿ. 5 ಮಿ.ಮೀ. ಒಳಗೆ ಹೋದ ಮೇಲೆ ಒಮ್ಮೆ ಹೊರತೆಗೆದು ಅರ್ಧ ಮಿ.ಮೀ. ಪಕ್ಕಕ್ಕೆ ಸರಿಸಿ ಸಂದು ಅಗಲ ಮಾಡಿ. ಚಿಪ್‌ಗೆ ಹೊರಬರುವ ದಾರಿ ಸಿಗುತ್ತೆ.

ಇನ್ಸರ್ಟ್ ಬೇಕೆಂದರೆ ಎಂಜಿಎಂಎನ್ 200, 2 ಮಿ.ಮೀ. ಅಗಲ. 3 ಮಿ.ಮೀ.ದು ಕೊಳ್ಳಬೇಡಿ, ಅಗಲ ಹೆಚ್ಚಿದಷ್ಟು ಬಲ ಹೆಚ್ಚು. ಮುಂದೆ ಕೆಲಸ ಹೆಚ್ಚಾದರೆ ಕ್ರಾಸ್ ಸ್ಲೈಡ್‌ನ ಆಚೆ ಬದಿಗೆ ಒಂದು ಪೋಸ್ಟ್ ಮಾಡಿ ಬ್ಲೇಡನ್ನು ತಲೆಕೆಳಗಾಗಿ ಕೂರಿಸಿ. ಅಲ್ಲಿ ಬಲ ಟೂಲನ್ನು ಮೇಲಕ್ಕೆ ಎತ್ತುತ್ತೆ, ಮುಗ್ಗರಿಸಿ ಕಚ್ಚಿಕೊಳ್ಳುವ ಬದಲು ಜಾಬ್‌ನಿಂದ ದೂರ ಸರಿಯುತ್ತೆ, ಚಿಪ್ಸ್ ತಾನಾಗಿ ಕೆಳಗೆ ಬೀಳುತ್ತೆ.

ಬೋರಿಂಗ್ ಬಾರ್ (ತೂತಿನ ಒಳಗೆ ಕತ್ತರಿಸುವ ಟೂಲ್) ಬಗ್ಗೆ ಒಂದೇ ಮಾತು: ಉಕ್ಕಿನ ಬಾರ್ ಆದರೆ ಹೊರಚಾಚು ವ್ಯಾಸದ ನಾಲ್ಕು ಪಟ್ಟು ಮೀರಬಾರದು. 8 ಮಿ.ಮೀ. ಬಾರ್‌ಗೆ 32. ಅದರಾಚೆ ನಡುಗದೆ ಇರಲ್ಲ. ಮೊನೆಯನ್ನು ಸೆಂಟರ್‌ಗಿಂತ 0.1 ಮೇಲಿಡಿ, ಒತ್ತಡಕ್ಕೆ ಬಗ್ಗಿದಾಗ ಸರಿ ಜಾಗಕ್ಕೆ ಬರುತ್ತೆ. ಕೊನೆಯ ಪಾಸ್ ಆದ ಮೇಲೆ ಕಟ್ ಕೊಡದೆ ಇನ್ನೊಮ್ಮೆ ಓಡಿಸಿ, ಬಾರ್ ಬಗ್ಗಿದ್ದರಿಂದ ಉಳಿದದ್ದು ಆಗ ಬರುತ್ತೆ. ಅಳತೆ ತೆಗೆಯೋದು ಆಮೇಲೆ.

ತ್ರೆಡಿಂಗ್‌ಗೆ ಈ ಲೇತ್‌ನಲ್ಲಿ ಎಚ್‌ಎಸ್‌ಎಸ್ ಬಿಟ್ಟು ಬೇರೆ ಯೋಚಿಸಬೇಡಿ. ಶೋಲ್ಡರ್ (ವ್ಯಾಸ ಬದಲಾಗುವ ಮೆಟ್ಟಿಲು) ಹತ್ತಿರ 100 ಆರ್‌ಪಿಎಂನಲ್ಲಿ ಓಡಿಸಬೇಕಾದ ಕೆಲಸಕ್ಕೆ ಕಾರ್ಬೈಡ್ ಇನ್ಸರ್ಟ್‌ನ ಆ ಚೂಪು ಮೊನೆ ತಡೆಯಲ್ಲ. 60 ಡಿಗ್ರಿಗೆ ಸಾಣೆ ಹಿಡಿದು ಸೆಂಟರ್ ಗೇಜ್‌ನಲ್ಲಿ ಬೆಳಕಿಗೆ ಹಿಡಿದು ನೋಡಿ, ಸಂದು ಕಾಣಬಾರದು. ಹೊರ ತ್ರೆಡ್‌ನ ಆಳ ಪಿಚ್‌ನ 0.613 ಪಟ್ಟು, 1.5 ಪಿಚ್‌ಗೆ 0.92 ಮಿ.ಮೀ.

---

ಉದ್ಯಮಬಾಗ_ಬೆಳಗಾವಿ

ಸ್ಟೀಮ್ ಎಂಜಿನ್ ಅಂದ್ರಿ, ಹಂಗಾದ್ರ ಸಿಲಿಂಡರು, ಫ್ಲೈವೀಲು ಬೀಡಿಂದು ಇರ್ತಾವು. ಕಾಸ್ಟ್ ಐರನ್ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕ ಬರಿಯಾಕತ್ತೀನಿ.

ಎರಕದ ಮ್ಯಾಲಿನ ಸಿಪ್ಪಿ ಒಳಗ ಉಸುಕು ಇರ್ತೈತಿ, ಬ್ಯಾಗ ಆರಿದ ಕಡೆ ಬೀಡು ಗಾಜಿನಂಗ ಬಿರುಸು ಆಗಿರ್ತೈತಿ. ಅದರ ಮ್ಯಾಲ 0.2 ಕಟ್ ತಗೊಂಡ್ರ ಟೂಲಿನ ಮೊನಿ ಪೂರಾ ಹೊತ್ತು ಆ ಸಿಪ್ಪಿ ಒಳಗ ಇರ್ತೈತಿ, ಒಂದ ಪಾಸಿಗೆ ಮೊಂಡು. ಮೊದಲನೇ ಕಟ್ಟ ಸಿಪ್ಪಿ ಕೆಳಗ ಇಳೀಬೇಕು, 1 ಮಿ.ಮೀ. ಕಮ್ಮಿ ಬ್ಯಾಡ. ಲೇತ್ ತಡೀದಿದ್ರ ಫೀಡ್ ಇಳಸ್ರಿ, ಕಟ್ಟ ಇಳಸಬ್ಯಾಡ್ರಿ. ಅದಕ್ಕೂ ಮುಂಚೆ ಹಳೇ ಕಾನಸ ತಗೊಂಡು ಅಂಚಿನ ಉಸುಕು ಕೆರದು ತಗೀರಿ.

ಆ ಬಣ್ಣದ ಬ್ರೇಜ್ಡ್ ಸೆಟ್ ಒಗೀಬ್ಯಾಡ್ರಿ, ಈ ಕೆಲಸಕ್ಕ ಬೇಕಾಗ್ತಾವು. ಹಸಿರು ಕಲ್ಲಿನಾಗ ಸಾಣಿ ಹಿಡದು ಕ್ಲಿಯರೆನ್ಸ್ 6 ಡಿಗ್ರಿ, ರೇಕ್ ಸೊನ್ನಿ ಇಟ್ರ ಸಾಕು. ಕಾಯ್ದ ಕಾರ್ಬೈಡ್ ನೀರಿಗೆ ಎದ್ದಬ್ಯಾಡ್ರಿ, ಟಿಪ್ ಸೀಳತೈತಿ. ಧೂಳಿನಾಗ ಕೋಬಾಲ್ಟ್ ಇರ್ತೈತಿ, ಮಾಸ್ಕ್ ಹಾಕ್ಕೊಳ್ರಿ. ಹೊಸದು ತಗೋಳೋದಾದ್ರ ಅಂಗಡ್ಯಾಗ ‘ವಿಡಿಯಾ ಟೂಲ್’ ಅಂತ ಕೇಳ್ರಿ, ಬೀಡಿಗೆ ಕೆ20, ಉಕ್ಕಿಗೆ ಪಿ30. ಇನ್ಸರ್ಟ್ ಡಬ್ಬಿ ಮ್ಯಾಲೂ ಬಣ್ಣ ನೋಡ್ರಿ: ಪಿ ನೀಲಿ, ಎಂ ಅಂದ್ರ ಸ್ಟೇನ್‌ಲೆಸ್ ಹಳದಿ, ಕೆ ಕೆಂಪು, ಅಲ್ಯೂಮಿನಿಯಂದು ಎನ್ ಹಸಿರು.

ಬೀಡಿಗೆ ಎಣ್ಣಿ ಹಾಕಬ್ಯಾಡ್ರಿ. ಧೂಳು ಎಣ್ಣಿ ಕೂಡಿದ್ರ ಬೆಡ್ ಮ್ಯಾಲ ತಿಕ್ಕೋ ಪೇಸ್ಟ್ ಆಕ್ಕೈತಿ. ಬೆಡ್ ಮ್ಯಾಲ ಹಾಳಿ ಹಾಸ್ರಿ, ಕೆಲಸ ಮುಗದ ಮ್ಯಾಲ ಒರಸಿ ಆಮ್ಯಾಲ ಎಣ್ಣಿ ಹಚ್ರಿ.

ಇನ್ನೊಂದು. ಗುಜರಿಯಾಗ ಸಿಗೋ ಟಿಎಂಟಿ ಕಂಬಿ ತಂದು ಪ್ರಾಕ್ಟೀಸ್ ಮಾಡಬ್ಯಾಡ್ರಿ. ಅದರ ಹೊರಗಿನ ಪದರ ನೀರು ಹೊಡದು ಬಿರುಸು ಮಾಡಿರ್ತಾರ, ಮ್ಯಾಲ ಉಬ್ಬು ಬ್ಯಾರೆ. ಟೂಲ್ ಬಡದು ಬಡದು ಮುಕ್ಕಾಕ್ಕೈತಿ. ಇಎನ್1ಎ ರೌಂಡ್ ಬಾರ್ ತಗೋರಿ, ಚಿಪ್ ತುಂಡಾಗಿ ಬೀಳತೈತಿ, ಫಿನಿಶ್ ಛಲೋ ಬರ್ತೈತಿ.

---

ಪೀಣ್ಯ_ಟರ್ನರ್

ಬೆಳಗಾವಿ ಅಣ್ಣ ಹೇಳಿದ್ದು ಸರಿ, ಕಲಿಯುವಾಗ ಲೋಹ ಸರಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅಲ್ಯೂಮಿನಿಯಂನಲ್ಲಿ ಎಚ್‌ಇ30 ಕೇಳಿ, ಅದೇ 6082. ಬಾಗಿಲು ಕಿಟಕಿಯ ಸೆಕ್ಷನ್ ಮೆತ್ತಗಿರುತ್ತೆ, ಟೂಲ್‌ಗೆ ಅಂಟುತ್ತೆ. 304 ಸ್ಟೇನ್‌ಲೆಸ್ ಸದ್ಯಕ್ಕೆ ಬೇಡ. ಟೂಲ್ ಒಂದು ಕ್ಷಣ ಕತ್ತರಿಸದೆ ಉಜ್ಜಿದರೂ ಆ ಜಾಗ ಗಡಸಾಗುತ್ತೆ, ಮುಂದಿನ ಪಾಸ್ ಅದರ ಮೇಲೆ ಜಾರುತ್ತೆ. ಮಾಡಲೇಬೇಕಾದರೆ ಕೋಬಾಲ್ಟ್ ಬಿಟ್, 12–15 ಮೀಟರ್ ವೇಗ, ಫೀಡ್ 0.08ಕ್ಕಿಂತ ಕೆಳಗೆ ಇಳಿಸದೆ, ಮಧ್ಯದಲ್ಲಿ ನಿಲ್ಲಿಸದೆ.

ಎಚ್‌ಎಸ್‌ಎಸ್ ವಾದ ಒಪ್ಪಿದೆ ಸಾಣೆಕಲ್ಲು ಅವರೇ. ಆದರೆ ಅಪಾರ್ಟ್‌ಮೆಂಟ್ ಅಂದ ಮೇಲೆ ಕೊಳ್ಳುವ ಕ್ರಮ ಸ್ವಲ್ಪ ಬದಲಾಗುತ್ತೆ. ಎಸ್‌ಸಿಎಲ್‌ಸಿಆರ್ 1010 ಹೋಲ್ಡರ್ ಒಂದು, 8 ಮಿ.ಮೀ. ಬೋರಿಂಗ್ ಬಾರ್ ಒಂದು. ಬಾರ್ ಕೂಡ ಅದೇ 06 ಇನ್ಸರ್ಟ್ ಹಿಡಿಯುವಂಥದ್ದೇ ಆಗಿರಲಿ. ಇದು ಮುಖ್ಯ. ಏಳು ಟೂಲ್‌ಗಳ ಸೆಟ್ ಕೊಂಡರೆ ಮೂರು ನಾಲ್ಕು ಜಾತಿ ಇನ್ಸರ್ಟ್ ಬೇಕಾಗುತ್ತೆ, ಒಂದು ಮುರಿದರೆ ಆ ಟೂಲ್ ಮೂಲೆ ಸೇರುತ್ತೆ. ಸಿಸಿಜಿಟಿ 060202 ಐದು, 060204 ಐದು, ಪಿ ಗ್ರೇಡ್ ಸಿಸಿಎಂಟಿ 060204 ಎರಡು ಮೂರು. ಡಬ್ಬಿಯಲ್ಲಿ ಹತ್ತಿರುತ್ತೆ. ಬೆಂಗಳೂರಿಗೆ ಬಂದರೆ ಎಸ್‌ಜೆಪಿ ರಸ್ತೆಯಲ್ಲಿ ಬಿಡಿಯಾಗಿ ಕೊಡುವವರನ್ನು ವಿಚಾರಿಸಿ. ದೊಡ್ಡ ಹೆಸರಿನ ಡಬ್ಬಿ ಮಾಮೂಲಿ ಬೆಲೆಯ ಕಾಲುಭಾಗಕ್ಕೆ ಸಿಕ್ಕರೆ ನಕಲಿ ಅಂತಲೇ ತಿಳಿಯಿರಿ. ಆಮೇಲೆ 2 ಮಿ.ಮೀ. ಪಾರ್ಟಿಂಗ್ ಬ್ಲೇಡ್, ತ್ರೆಡಿಂಗ್‌ಗೆ ಮತ್ತು ಹಿತ್ತಾಳೆಗೆ ಎರಡು ಎಚ್‌ಎಸ್‌ಎಸ್ ಬಿಟ್. ಅವನ್ನು ಗ್ರೈಂಡರ್ ಇರುವ ವರ್ಕ್‌ಶಾಪ್‌ನಲ್ಲಿ ಸಾಣೆ ಹಿಡಿದುಕೊಂಡು ಬಂದರೆ ಮನೆಯಲ್ಲಿ ಎಣ್ಣೆಕಲ್ಲಿನಲ್ಲೇ ಬಹಳ ಕಾಲ ನಿಭಾಯಿಸಬಹುದು.

ಡಿಸಿಎಂಟಿ ಕೇಳಿದ್ದಿರಿ. ಅದು 55 ಡಿಗ್ರಿ, ಇಕ್ಕಟ್ಟಿನ ಜಾಗಕ್ಕೆ, ಪ್ರೊಫೈಲ್‌ಗೆ. ಮೊನೆ ಬಡವು, ಈಗಲೇ ಬೇಡ.

ಸವೆದ ಸಿಸಿ ಇನ್ಸರ್ಟ್ ಎಸೆಯಬೇಡಿ. 80 ಡಿಗ್ರಿಯ ಎರಡು ಮೂಲೆ ಮುಗಿದರೂ 100 ಡಿಗ್ರಿಯ ಎರಡು ಮೂಲೆ ಹೊಸದಾಗೇ ಇರುತ್ತವೆ, 75 ಡಿಗ್ರಿ ಹೋಲ್ಡರ್‌ನಲ್ಲಿ ಹಾಕಿದರೆ ರಫ್ ಕಟ್‌ಗೆ ಬರುತ್ತವೆ. ಇನ್ಸರ್ಟ್ ತಿರುಗಿಸುವಾಗ ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಒಂದು ಕಣ ಚಿಪ್ ಕೆಳಗೆ ಉಳಿದರೂ ಬಿಗಿ ಮಾಡುವಾಗಲೇ ಇನ್ಸರ್ಟ್ ಸೀಳುತ್ತೆ. ಸ್ಕ್ರೂ ಎಂ2.5, ಟಾರ್ಕ್ಸ್ ಕೀ ಸಾಮಾನ್ಯವಾಗಿ ಟಿ8. ಎರಡು ಬೆರಳಿನ ಬಲ ಸಾಕು, ಇಡೀ ಕೈ ಹಾಕಿ ತಿರುಗಿಸಿದರೆ ತಲೆ ಮುರಿದು ಹೋಲ್ಡರ್ ಒಳಗೇ ಉಳಿಯುತ್ತೆ. ಸ್ಪೇರ್ ಸ್ಕ್ರೂ ನಾಲ್ಕು ಈಗಲೇ ತಗೊಂಡುಬಿಡಿ, ಚಿಪ್ಸ್ ರಾಶಿಯಲ್ಲಿ ಬಿದ್ದರೆ ಹುಡುಕೋಕಾಗಲ್ಲ.